ಸುಣ್ಣದಕ್ಕ ತೋರಿಸಿದ ಕತ್ತಿಚಿಪ್ಪು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಾನುಬಾಳಿನಿಂದ ಹೆತ್ತೂರಿನ ತನಕ ಗುರುತು ಹಿಡಿಯುವವರಿದ್ದಾರೆ. ಹಿಡಿದವರೆಲ್ಲ ಹೇಳುವುದು ಒಂದೇ ಮಾತು: "ಅಯ್ಯೋ, ಎಂಥಾ ಒಳ್ಳೇ ಹೆಂಗಸು ಕಣ್ರೀ." ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅವರು ಒಳ್ಳೆಯವರೆಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು. ಹೋದ ವಾರ ಅವರು ತೀರಿಕೊಂಡ ಸುದ್ದಿ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಇರಬಾರದು ಎನ್ನುತ್ತಾರೆ. ನನ್ನದು ಇನ್ನೂ ಆರಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಹಾನುಬಾಳಿನಾಚೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅವರು ಅದೇ ಶಾಲೆಯಲ್ಲಿ ಹೊರಗುತ್ತಿಗೆಯ ಮೇಲಿದ್ದ ಅಟೆಂಡರ್. ಬೆಲ್ಲು ಹೊಡೆಯುವುದು, ಲ್ಯಾಬಿನ ಗಾಜಿನ ಸಾಮಾನು ತೊಳೆಯುವುದು, ಟಪಾಲು ಒಯ್ಯುವುದು, ಸಂಜೆ ಬೀಗ ಹಾಕುವುದು ಅವರ ಕೆಲಸ. ಹುಟ್ಟೂರು ಘಟ್ಟದ ಕೆಳಗೆ, ಮಂಗಳೂರಿನ ಕಡೆ, ಹೊಳೆ ಸಮುದ್ರ ಸೇರುವ ಒಂದು ಅಳಿವೆಯ ದಡ. ಗಂಡ ಲಾರಿ ಡ್ರೈವರ್. ನಮ್ಮ ಎಸ್ಟೇಟುಗಳಲ್ಲಿ ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ಔಷಧಿ ಹೊಡೆಯುತ್ತಾರಲ್ಲ, ಅದಕ್ಕೆ ಮೈಲುತುತ್ತದ ಜೊತೆ ಸುಣ್ಣ ಕಲೆಸಬೇಕು. ಆ ಸುಣ್ಣ ಕಲ್ಲಿನದಕ್ಕಿಂತ ಕಪ್ಪೆಚಿಪ್ಪಿನದಾದರೆ ಮೇಲು ಎಂಬುದು ಎಸ್ಟೇಟಿನ ಲೆಕ್ಕ, ಆಳು ನೋಡಿಕೊಳ್ಳುವ ಹಳೇ ರೈಟರುಗಳ ನಂಬಿಕೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಶಿರಾಡಿ ಘಾಟಿ ಹತ್ತಿಸಿ ತರುತ್ತಿದ್ದವನು ಅವರ ಗಂಡ. ತರುತ್ತಾ ತರುತ್ತಾ ಇಲ್ಲೇ ಬಾಡಿಗೆ ಮನೆ ಮಾಡಿದ. ಹೆಂಡತಿಯೂ ಬಂದರು, ಊರವರು ಅವರನ್ನು ಸುಣ್ಣದಕ್ಕ ಎಂದರು. ದೂಳು ಕುಡಿದು ಕುಡಿದು ಗಂಡನಿಗೆ ಉಬ್ಬಸ ಹತ್ತಿ ಲಾರಿ ಬಿಟ್ಟ ಮೇಲೆ ಆ ಮನೆ ನಡೆದದ್ದು ಇವರ ಅಟೆಂಡರ್ ಕೆಲಸದಿಂದಲೇ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದನ್ನು ಈಗಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯುವ ಧೈರ್ಯ ಇರುವುದಿಲ್ಲ.

ಕುಳ್ಳಗೆ, ಗಟ್ಟಿ ಮೈಯ ಹೆಂಗಸು. ಚಪ್ಪಲಿ ಹಾಕುತ್ತಿದ್ದದ್ದು ಅಪರೂಪ. ಅವರದೊಂದು ಅಭ್ಯಾಸವಿತ್ತು. ನಿಂತು ಮಾತಾಡುವಾಗ ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೆಲ್ಲಗೆ ತಿರುಗಿಸುತ್ತಿದ್ದರು. ಪ್ರಾರ್ಥನೆಗೆ ನಿಂತಾಗಲೂ ಹಾಗೇ. ಅವರು ನಿಂತು ಹೋದ ಜಾಗದಲ್ಲಿ ಅಂಗಳದ ಕೆಂಪು ಮಣ್ಣಿನಲ್ಲಿ ಒಂದು ಪುಟ್ಟ ಗುಂಡಿ ಉಳಿಯುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ. "ಅದು ಮರುವಾಯಿ ಹುಡುಕುದು ಟೀಚರೇ," ಎಂದು ನಕ್ಕರು. ಮರುವಾಯಿ ಎಂದರೆ ಅವರ ಕಡೆ ತಿನ್ನುವ ಕಪ್ಪೆಚಿಪ್ಪು. ಸೊಂಟದ ತನಕ ನೀರಿನಲ್ಲಿ ನಿಂತು ಹಿಮ್ಮಡಿಯಿಂದ ಮರಳು ಕೆದಕಿದರೆ ಗಟ್ಟಿಯಾಗಿ ತಾಗುತ್ತದಂತೆ, ಆಗ ಮುಳುಗಿ ಎತ್ತಿಕೊಳ್ಳುವುದಂತೆ. ಆರೇಳು ವರ್ಷದ ಹುಡುಗಿಯಾಗಿದ್ದಾಗಿನಿಂದ ತಾಯಿಯ ಜೊತೆ ಮಾಡಿದ ಕೆಲಸ. "ಕಾಲಿಗೆ ಇನ್ನೂ ಗೊತ್ತಾಗ್ಲಿಲ್ಲ, ನಾವು ಘಟ್ಟ ಹತ್ತಿದ್ದು ಅಂತ." ಈ ಮಾತು ಸ್ಟಾಫ್ ರೂಮಿನಲ್ಲಿ ಒಂದು ವಾರ ಓಡಾಡಿತು. ನಾನು ಹೇಳಿದ ಯಾವ ಮಾತೂ ಅಲ್ಲಿ ಒಂದು ವಾರ ಓಡಾಡಿದ್ದು ನನಗೆ ನೆನಪಿಲ್ಲ.

ಗಂಡನ ಲಾರಿಯ ತಳದಲ್ಲಿ ಸುಡದೆ ಉಳಿದ ಚಿಪ್ಪುಗಳು ಸಿಗುತ್ತಿದ್ದವು. ಅವನ್ನು ಆರಿಸಿ ತೊಳೆದು ಉಪ್ಪಿನಕಾಯಿ ಜಾಡಿಗಳಲ್ಲಿ ತುಂಬಿ ಲ್ಯಾಬಿನ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದರು. ಏಣಿನ ಚಿಪ್ಪು, ನುಣ್ಣನೆಯ ಚಿಪ್ಪು, ಒಳಗೆ ನೇರಳೆ ಬಣ್ಣವಿರುವ ಚಿಪ್ಪು. ಜೊತೆಗೊಂದು ಹಳೇ ದೋಣಿಯ ಹಲಗೆಯ ತುಂಡು, ಒಳಗೆಲ್ಲ ಬೆರಳು ಹೋಗುವಷ್ಟು ಸುರಂಗ. ಗೆದ್ದಲು ತಿಂದಿದೆ ಎಂದು ನಾನೇ ಮಕ್ಕಳಿಗೆ ಹೇಳಿದ್ದೆ. ಮರದೊಳಗೆ ಕೊರೆದುಕೊಂಡು ಬಾಳುವ ಒಂದು ಜಾತಿಯ ಚಿಪ್ಪುಹುಳುವಿನ ಕೆಲಸ ಅದು ಎಂದು ಆಮೇಲೆ ಓದಿ ತಿಳಿದುಕೊಂಡೆ. ಅವರು ಅದನ್ನು ಮೊದಲೇ ಹೇಳಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ. ಒಂದು ಚಿಪ್ಪಿನ ಮೇಲಿನ ಗೆರೆಗಳನ್ನು ಉಗುರಿನಿಂದ ಎಣಿಸಿ ಅದಕ್ಕೆಷ್ಟು ವಯಸ್ಸು, ಯಾವ ವರ್ಷ ಹೊಟ್ಟೆಗೆ ಸಿಗದೆ ಸೊರಗಿತ್ತು ಎಂದು ಹೇಳುತ್ತಿದ್ದರು. ಮಕ್ಕಳು ಸುತ್ತ ಮುತ್ತಿಕೊಳ್ಳುತ್ತಿದ್ದರು. ನನ್ನ ಮಗಳು ಮಾನಸ ಎಲ್ಲರಿಗಿಂತ ಮುಂದೆ.

ಮಾನಸ ಆಗ ಒಂಬತ್ತನೇ ಕ್ಲಾಸು, ನನ್ನದೇ ಶಾಲೆ. ಒಬ್ಬಳೇ ಮಗಳು. ನನ್ನ ಗಂಡನಿಗೆ ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ, ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೇ ಬರುವುದು. ಹಾಗಾಗಿ ಮಗಳು ಇಡೀ ದಿನ ನನ್ನವಳು ಎಂದು ನಾನು ತಿಳಿದುಕೊಂಡಿದ್ದೆ.

ಆ ವರ್ಷದ ಪಾಠವೊಂದನ್ನು ಹೇಳಬೇಕು. ಪ್ರಾಣಿಗಳ ವರ್ಗೀಕರಣದಲ್ಲಿ ಮೃದ್ವಂಗಿಗಳು ಬರುತ್ತವೆ. ಪುಸ್ತಕದಲ್ಲಿರುವುದಕ್ಕಿಂತ ಒಂದೆರಡು ಹೆಚ್ಚಿಗೆ ಹೇಳುವುದು ನನ್ನ ಚಟ. ಡಿಗ್ರಿಯಲ್ಲಿ ನಾನು ಬರೆದ ಪ್ರಾಕ್ಟಿಕಲ್ ರೆಕಾರ್ಡು ಇವತ್ತಿಗೂ ಬೀರುವಿನಲ್ಲಿದೆ. ಅದರಲ್ಲಿ ಒಂದು ಉದ್ದನೆಯ ಚಿಪ್ಪಿನ ಚಿತ್ರ, ಹಜಾಮರ ಮಡಿಸುವ ಕತ್ತಿಯ ಹಿಡಿಯ ಹಾಗೆ ನೀಳ. ಕಾಲೇಜಿನಲ್ಲಿ ಅದು ಬಾಟಲಿಯೊಳಗೆ ಅಡ್ಡ ಮಲಗಿತ್ತು, ನಾನೂ ಅಡ್ಡ ಬರೆದುಕೊಂಡಿದ್ದೆ. ಹದಿನಾರು ವರ್ಷ ಬೋರ್ಡಿನ ಮೇಲೂ ಅಡ್ಡ ಬರೆದು, ಸುತ್ತ ಚುಕ್ಕಿ ಇಟ್ಟು ಮರಳು ಮಾಡಿ, "ಹೀಗೆ ಮರಳಿನೊಳಗೆ ಮಲಗಿರುತ್ತದೆ" ಎಂದು ಹೇಳಿಕೊಂಡು ಬಂದಿದ್ದೆ. ತಪಾಸಣೆಗೆ ಬಂದವರು ಹಿಂದೆ ಕೂತು ತಲೆಯಾಡಿಸಿಯೂ ಹೋಗಿದ್ದರು.

ಅವತ್ತು ಅವರು ಮೆಮೋ ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಬಂದರು. ನಾನು ಸಹಿ ಹಾಕುತ್ತಿರುವಾಗ ಬೋರ್ಡು ನೋಡಿದರು. ಹಿಮ್ಮಡಿ ತಿರುಗತೊಡಗಿತು.

"ಟೀಚರೇ, ಇದು ಮಲಗುದಿಲ್ಲ. ನಿಲ್ಲುದು."

ಹಿಂದಿನ ಬೆಂಚಿನಿಂದ ಯಾರೋ ಕೇಳಿದರು, "ನಿಮ್ಗೆಂಗ್ ಗೊತ್ತು ಅಕ್ಕ?"

"ನಾನು ಹಿಡಿದಿದ್ದೇನಲ್ಲ ಮಗಾ." ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ ಅದನ್ನೇ ಚಿಪ್ಪು ಮಾಡಿದರು. "ಇಷ್ಟುದ್ದ. ಮರಳಲ್ಲಿ ಹೀಗೆ ನೆಟ್ಟಗೆ ನಿಲ್ತದೆ. ಕೆಳಗೆ ಒಂದು ಕಾಲು. ಕಾಲನ್ನು ಕೆಳಗೆ ಇಳಿಸ್ತದೆ, ತುದಿ ಉಬ್ಬಿಸ್ತದೆ, ಮತ್ತೆ ಮೈಯನ್ನು ಕೆಳಗೆ ಎಳ್ಕೊಳ್ತದೆ. ಪುನಃ ಹಾಗೇ. ನೀವು ಮನೆಯಿಂದ ಹಾರೆ ತರುವಾಗ ಅದು ಎರಡು ಮೊಳ ಒಳಗೆ."

ಒಂದಕ್ಷರ ತಪ್ಪಿರಲಿಲ್ಲ. ಇದನ್ನೇ ನಾನು ಪರೀಕ್ಷೆಗಾಗಿ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಎಂಟು ಅಂಕದ ಉತ್ತರ ಬರೆದಿದ್ದೆ. ಬರೆದೂ ಅದನ್ನು ಅಡ್ಡ ಮಲಗಿಸಿದ್ದೆ. ಮರುದಿನ ಎಲ್ಲರ ನೋಟ್‌ಬುಕ್ಕಿನಲ್ಲೂ ಚಿಪ್ಪು ಎದ್ದು ನಿಂತಿತ್ತು, ಕೆಳಗೆ "ಕತ್ತಿಚಿಪ್ಪು" ಎಂದು ಮಕ್ಕಳೇ ಇಟ್ಟ ಹೆಸರು. ಮಾನಸಳ ಚಿತ್ರ ಎಲ್ಲಕ್ಕಿಂತ ಚೆನ್ನಾಗಿತ್ತು, ಬಣ್ಣವನ್ನೂ ಹಾಕಿದ್ದಳು. ನಾನು ಕೆಂಪು ಇಂಕಿನಲ್ಲಿ "ಚುಕ್ಕಿಗಳು ಸಾಲದು" ಎಂದು ಬರೆದೆ.

ಮನೆಯಲ್ಲಿ ಇದನ್ನು ಹೇಳಿಕೊಂಡರೆ ನನ್ನ ಗಂಡ ನಕ್ಕರು. "ಅಲ್ಲ ಮಾರಾಯ್ತಿ, ನೀನು ಪರ್ಮನೆಂಟ್ ಕೆಲ್ಸದಲ್ಲಿ ಇರೋಳು, ಅವ್ರು ಗುತ್ತಿಗೇಲಿ ಇರೋರು. ಅಟೆಂಡರ್ ಮೇಲೆ ಎಂಥ ಜಿದ್ದು ನಿಂದು?" ಅವರಿಗೆ ಅರ್ಥವಾಗಲಿಲ್ಲ. ಮೇಲಿನವರ ಮೇಲೆ ಹೊಟ್ಟೆಕಿಚ್ಚಾದರೆ ಹೇಳಿಕೊಂಡು ಹಗುರಾಗಬಹುದು. ಬೆಲ್ಲು ಹೊಡೆಯುವವರ ಮೇಲೆ ಆದರೆ ಯಾರ ಹತ್ತಿರ ಹೇಳುವುದು?

ಮಕ್ಕಳು ಅವರ ಹತ್ತಿರ ಹೋಗುತ್ತಿದ್ದದ್ದು ಚಿಪ್ಪಿಗಾಗಿ ಮಾತ್ರವಲ್ಲ. ಅತ್ತುಕೊಂಡು ಬಂದ ಮಗುವಿಗೆ ನಾನಾದರೆ ಹತ್ತು ಪ್ರಶ್ನೆ ಕೇಳುತ್ತೇನೆ. ಯಾರು ಹೊಡೆದರು, ಯಾಕೆ ಹೊಡೆದರು, ನೀನೇನು ಮಾಡಿದೆ. ಅವರು ಏನೂ ಕೇಳುತ್ತಿರಲಿಲ್ಲ. ಬಿಸಿಯೂಟದ ಸೊಪ್ಪಿನ ಕಟ್ಟೊಂದನ್ನು ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡು ತಾವೂ ಸೊಪ್ಪು ಬಿಡಿಸುತ್ತಿದ್ದರು. ಅರ್ಧ ಕಟ್ಟು ಮುಗಿಯುವುದರೊಳಗೆ ಮಗು ಎಲ್ಲವನ್ನೂ ಹೇಳಿರುತ್ತಿತ್ತು. "ಒಳಗೆ ಉಂಟಲ್ಲ ಟೀಚರೇ, ಬರ್ತದೆ. ಅವಸರ ಎಂತಕ್ಕೆ?" ಎನ್ನುತ್ತಿದ್ದರು. ಇದನ್ನೇ ಒಂದು ತರಬೇತಿಯಲ್ಲಿ ಮೂರು ದಿನ ನಮಗೆ ಕಲಿಸಿದ್ದರು, ಸರ್ಟಿಫಿಕೇಟೂ ಕೊಟ್ಟಿದ್ದರು. ನಾನು ಆ ವಿದ್ಯೆಯನ್ನು ಒಂದೇ ಒಂದು ಸಲ ಪ್ರಯೋಗಿಸಿ ನೋಡಿದೆ. ಹುಡುಗಿ ಸೊಪ್ಪನ್ನೆಲ್ಲ ನೀಟಾಗಿ ಬಿಡಿಸಿಕೊಟ್ಟು, "ಮುಗೀತು ಟೀಚರ್" ಎಂದು ಹೊರಟುಹೋದಳು.

ಮಾನಸ ದೊಡ್ಡವಳಾದದ್ದು ಶಾಲೆಯಲ್ಲಿ, ಊಟದ ನಂತರದ ಪೀರಿಯಡ್ಡಿನಲ್ಲಿ. ನಾನು ಪಕ್ಕದ ಕೋಣೆಯಲ್ಲೇ ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಅವಳು ನನ್ನ ಬಾಗಿಲ ಮುಂದೆಯೇ ಹಾದು ಲ್ಯಾಬಿಗೆ ಹೋದಳು. ಬೆಲ್ಲಾದ ಮೇಲೆ ಅವರು ಬಂದು ಮೆಲ್ಲಗೆ ಹೇಳಿದರು, "ಟೀಚರೇ, ಮಗು ಲ್ಯಾಬಲ್ಲಿ ಉಂಟು. ಹೆದರ್ಲಿಲ್ಲ. ಬೆಲ್ಲ ತೆಂಗಿನಕಾಯಿ ಕೊಟ್ಟಿದ್ದೇನೆ." ಮನೆಗೆ ಬಂದು ನಾನು ಆರತಿ ಎತ್ತಿದೆ, ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಉಂಡೆ ಮಾಡಿದೆ. ಎಲ್ಲ ಮಾಡಿದರೂ ಮೊದಲ ಬೆಲ್ಲ ಬೇರೆಯವರ ಕೈಯಿಂದ ತಿಂದಾಗಿತ್ತು. ಅಮ್ಮನನ್ನು ಬಿಟ್ಟು ಅಟೆಂಡರನ್ನು ಹುಡುಕಿಕೊಂಡು ಹೋಗುವುದು, ಇದು ಎಲ್ಲಿಯ ನ್ಯಾಯ? ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

"ನೀನು ಪಾಠ ಮಾಡ್ತಿದ್ದೆ."

"ಕರೆದಿದ್ರೆ ಬಿಟ್ಟು ಬರ್ತಿರ್ಲಿಲ್ವಾ?"

"ಬರ್ತಿದ್ದೆ," ಎಂದಳು. ಅಷ್ಟು ಹೇಳಿ ಚಿಗಳಿ ತಿನ್ನುತ್ತಾ ಕೂತಳು.

ಕತ್ತಿಚಿಪ್ಪನ್ನು ಜೀವಂತ ನೋಡಬೇಕೆಂದು ಮಕ್ಕಳು ಹೆಡ್‌ಮಾಸ್ಟರ ಹಿಂದೆ ಬಿದ್ದರು. ಅವರು ಒಪ್ಪಿದರು. ಜನವರಿಯಲ್ಲಿ ಒಂದು ಬಸ್ಸು ಗೊತ್ತು ಮಾಡಿ ಘಟ್ಟ ಇಳಿದೆವು. ದಿನ ಗೊತ್ತು ಮಾಡಿದ್ದೂ ಸುಣ್ಣದಕ್ಕನೇ. ಹುಣ್ಣಿಮೆಯ ಮಾರನೇ ದಿನ ನೀರು ಚೆನ್ನಾಗಿ ಇಳಿಯುತ್ತದೆ, ಅದೂ ಸಂಜೆಯ ಹೊತ್ತಿಗೆ ಎಂದರು. ಅವರು ಹೇಳಿದ ಹೊತ್ತಿಗೆ ಸರಿಯಾಗಿ ಅವರ ಊರಿನ ಅಳಿವೆಯಲ್ಲಿ ನೀರು ಸರಿದು ಒಂದು ದೊಡ್ಡ ಮರಳು ದಿಣ್ಣೆ ಎದ್ದಿತ್ತು. ನಮ್ಮ ಮಕ್ಕಳು ಓಡಿದರು. ಅವರು ಎಲ್ಲರನ್ನೂ ನಿಲ್ಲಿಸಿ, "ದಡಬಡ ನಡೀಬೇಡಿ, ಅದಕ್ಕೆ ಕೇಳ್ತದೆ" ಎಂದರು. ನಲವತ್ತು ಮಕ್ಕಳು ಬೆಕ್ಕಿನ ಹೆಜ್ಜೆ ಹಾಕಿದರು. ನನ್ನ ಕ್ಲಾಸಿನಲ್ಲಿ ಅವರು ಹಾಗೆ ನಡೆದದ್ದನ್ನು ನಾನು ಕಂಡಿಲ್ಲ.

ಒದ್ದೆ ಮರಳಿನಲ್ಲಿ ಅಲ್ಲಲ್ಲಿ ಬೀಗದ ಕಣ್ಣಿನ ಆಕಾರದ ಸಣ್ಣ ತೂತುಗಳು. ಅವರು ಪುಡಿ ಮಾಡಿ ತಂದಿದ್ದ ಉಪ್ಪಿನಲ್ಲಿ ಒಂದು ಚಿಟಿಕೆಯನ್ನು ತೂತಿಗೆ ಹಾಕಿ ಎರಡು ಹನಿ ನೀರು ಬಿಟ್ಟರು. ಸ್ವಲ್ಪ ಹೊತ್ತಿಗೆ ಮರಳು ಬುಸಬುಸ ಎಂದಿತು, ನೀರು ಚಿಮ್ಮಿತು, ಚಿಪ್ಪಿನ ತುದಿ ಎರಡು ಬೆರಳಗಲ ಮೇಲೆ ಬಂತು. ಅವರು ಅದನ್ನು ಮೆಲ್ಲಗೆ ಹಿಡಿದರು, ಹಿಡಿದು ಸುಮ್ಮನೆ ಕೂತರು.

"ಎಳೀರಿ ಅಕ್ಕ," ಎಂದ ಒಬ್ಬ.

"ಎಳೀಲಿಕ್ಕಿಲ್ಲ. ಈಗ ಅದು ಕೆಳಗೆ ಕಾಲೂರಿ ಹಿಡ್ಕೊಂಡಿದೆ. ಎಳೆದ್ರೆ ಹರಿತದೆ. ಹಿಡ್ಕೊಂಡು ಇರ್ಬೇಕು. ಅದಕ್ಕೆ ಸಾಕಾಗಿ ಬಿಡ್ತದೆ, ಆಗ ಎತ್ತುದು."

ಹಾಗೇ ಆಯಿತು. ಕಂದುಬಣ್ಣದ ಗೇಣುದ್ದದ ಚಿಪ್ಪು, ಕೆಳಗಿನಿಂದ ಬಿಳಿ ನಾಲಿಗೆಯಂಥ ಕಾಲು. ಮಕ್ಕಳಿಗೆಲ್ಲ ಮುಟ್ಟಿಸಿ ಮತ್ತೆ ಮರಳ ಮೇಲೆ ನಿಲ್ಲಿಸಿದರು. ನಾವು ನೋಡುತ್ತಿದ್ದಂತೆಯೇ ಅದು ಒಳಗಿಳಿದು ಕಾಣದಾಯಿತು. ನಾನು ಇಷ್ಟು ವರ್ಷ ಪಾಠ ಮಾಡಿದ ಪ್ರಾಣಿಯನ್ನು ಮೊದಲ ಬಾರಿಗೆ ನೋಡಿದ್ದೆ. ಅದರ ಖುಷಿಯನ್ನೂ ಪಡಲು ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಾನಸ ಮೊದಲ ಚಿಪ್ಪು ಹಿಡಿದಿದ್ದಳು. ಹಿಡಿದವಳು ಕೂಗಿದ್ದು "ಅಕ್ಕಾ, ಬಿಡ್ತು, ಬಿಡ್ತು" ಎಂದು. ನಾನು ಮೂರು ಮಾರು ದೂರದಲ್ಲಿದ್ದೆ.

ನಾನೂ ಒಂದನ್ನು ಎತ್ತಿ ಅವಳಿಗೆ ತೋರಿಸಬೇಕು ಎನಿಸಿತು. ಉಪ್ಪು ಅವರ ಕೈಯಲ್ಲಿತ್ತು. ಅವರ ಹತ್ತಿರ ಹೋಗಿ ಉಪ್ಪು ಬೇಡುವುದೇ? ನನ್ನ ಕೈಚೀಲದಲ್ಲಿ ಇಂಬಳದ ಗಂಟು ಇತ್ತು. ನಮ್ಮ ಕಡೆಯವರಿಗೆ ಗೊತ್ತು, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಇಂಬಳ, ಅಂದರೆ ಜಿಗಣೆ, ಉದುರಿಸಲು ಬಟ್ಟೆಯಲ್ಲಿ ಉಪ್ಪು ಕಟ್ಟಿ ಇಟ್ಟುಕೊಂಡಿರುತ್ತೇವೆ. ಮಳೆಗಾಲ ಮುಗಿದರೂ ಗಂಟು ಚೀಲದ ತಳದಲ್ಲಿ ಉಳಿದಿತ್ತು. ಉಪ್ಪು ಉಪ್ಪೇ ಎಂದುಕೊಂಡು ಯಾರೂ ನೋಡದ ಕಡೆ ಹೋಗಿ ನಾಲ್ಕು ತೂತುಗಳಿಗೆ ಧಾರಾಳವಾಗಿ ಸುರಿದೆ. ಇಂಬಳದ ಗಂಟಿನಲ್ಲಿ ಬರೀ ಉಪ್ಪು ಇರುವುದಿಲ್ಲ, ಹೊಗೆಸೊಪ್ಪಿನ ಪುಡಿ ಮತ್ತು ಸುಣ್ಣವೂ ಇರುತ್ತದೆ. ಹೊಟ್ಟೆಕಿಚ್ಚಿನಲ್ಲಿ ಅದು ತಲೆಗೆ ಹೊಳೆಯಲಿಲ್ಲ.

ನಾಲ್ಕೂ ಒಟ್ಟಿಗೆ ಬಂದವು. ಬಂದವು ಎನ್ನುವುದಕ್ಕಿಂತ ಹೊರಗೆ ಬಿದ್ದವು ಎನ್ನಬೇಕು. ಮೂರು ಮರಳಿನ ಮೇಲೆ ಬಿದ್ದು ಕಾಲು ಚಾಚಿ ಹೊರಳಾಡಿದವು. ನಾಲ್ಕನೆಯದು ಅರ್ಧ ಬಂದು ನಿಂತಿತು. ಅದನ್ನು ಹಿಡಿದು, "ಮಾನಸಾ, ಇಲ್ಲಿ ನೋಡೇ" ಎಂದು ಕೂಗಿ ಎಳೆದೆ. ಚಿಪ್ಪು ಕೈಗೆ ಬಂತು, ಕಾಲು ಮರಳಿನಲ್ಲೇ ಉಳಿಯಿತು.

ಮಕ್ಕಳೆಲ್ಲ ಓಡಿ ಬಂದರು. ಒಬ್ಬ ಹುಡುಗ ಮೂಗು ಹಿಡಿದುಕೊಂಡು, "ಟೀಚರ್, ಅದ್ರಾಗೆ ಹೊಗೆಸೊಪ್ಪೈತೆ. ಇವು ಇಂಬ್ಳ ಅಲ್ಲ" ಎಂದ. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಣ್ಣದಕ್ಕ ಬಂದು ಉಳಿದ ಮೂರನ್ನು ಸೆರಗಿನಲ್ಲಿ ಎತ್ತಿಕೊಂಡು ನೀರಿಗೆ ಹೋಗಿ ತೊಳೆದರು, ಬಹಳ ಹೊತ್ತು ತೊಳೆದರು. ಮರಳಿನ ಮೇಲೆ ನಿಲ್ಲಿಸಿದರೆ ಅವು ನಿಲ್ಲಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು ಮಕ್ಕಳಿಗೆ ಕೇಳುವಷ್ಟೇ ಗಟ್ಟಿಯಾಗಿ ಹೇಳಿದರು, "ನಿಮ್ಮ ಕಡೆ ಉಪ್ಪಂದ್ರೆ ಇಂಬಳಕ್ಕೇ ಅಲ್ವಾ ಟೀಚರೇ. ಯಾರಿಗಾದ್ರೂ ಮರೀತದೆ."

ಎಲ್ಲರ ಮುಂದೆ ನನ್ನ ಮಾನ ಉಳಿಸಿಕೊಟ್ಟರು. ಅದನ್ನು ಅವರಿಂದ ತೆಗೆದುಕೊಳ್ಳಬೇಕಾಯಿತಲ್ಲ ಎಂಬುದೇ ನನ್ನ ಸಂಕಟ. ಘಾಟಿ ಹತ್ತುವಾಗ ಬಸ್ಸಿನಲ್ಲಿ ಮಾನಸ ಅವರ ಪಕ್ಕ ಕೂತಿದ್ದಳು.

ಆಮೇಲೆ ಅ‍ವಳು ಸಂಜೆ ಶಾಲೆ ಬಿಟ್ಟ ಮೇಲೂ ಲ್ಯಾಬಿನ ಮೆಟ್ಟಿಲ ಮೇಲೆ ಅವರ ಜೊತೆ ಕೂರುವುದು ಹೆಚ್ಚಾಯಿತು. ಫೆಬ್ರವರಿಯಲ್ಲಿ ಹೆಡ್‌ಮಾಸ್ಟರು ನಿವೃತ್ತರಾಗಿ ಸೀನಿಯಾರಿಟಿ ಪ್ರಕಾರ ಚಾರ್ಜು ನನಗೆ ಬಂತು. ಮಾರ್ಚಿನ ಒಂದು ಸಂಜೆ ಆಫೀಸು ಕೋಣೆಯಲ್ಲಿ ಕಾಗದಪತ್ರ ನೋಡುತ್ತಿದ್ದೆ. ಕಿಟಕಿಯ ಆಚೆ ಮೆಟ್ಟಿಲು. ಮಾನಸ ಹೇಳುತ್ತಿದ್ದಳು, "ನಮ್ಮಮ್ಮ ಮನೇಲೂ ಟೀಚರ್ರೇ ಕಣಕ್ಕ. ಏನ್ ಹೇಳಿದ್ರೂ ತಿದ್ದುತಾಳೆ. ಅದಕ್ಕೇ ನಾನು ಹೇಳಾದೇ ಬಿಟ್‌ಬುಟ್ಟೆ." ಅದಕ್ಕೆ ಅವರು ಏನೆಂದರೋ ಕೇಳಿಸಲಿಲ್ಲ. ಏನು ಹೇಳಿದರೆಂದು ತಿಳಿಯದಿದ್ದದ್ದು ಇನ್ನೂ ಉರಿಸಿತು. ನನ್ನ ಮುಂದೆ ಮೇಜಿನ ಮೇಲೆ ಹೊರಗುತ್ತಿಗೆಯವರನ್ನು ಮುಂದುವರಿಸುವ ನಮೂನೆ ಇತ್ತು. ಈ ಸೇವೆಯ ಅಗತ್ಯವಿದೆಯೇ ಎಂಬ ಸಾಲಿನ ಮುಂದೆ ಪ್ರತಿವರ್ಷ "ಇದೆ" ಎಂದು ಬರೆಯುತ್ತಿದ್ದರು. ನಾನು "ಲ್ಯಾಬಿನ ಕೆಲಸ ಕಡಿಮೆ ಇರುವುದರಿಂದ ಅಗತ್ಯ ಕಂಡುಬರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ. ಉಬ್ಬಸದ ಗಂಡ ನೆನಪಾದ. ನೆನಪಾದರೂ ಕವರಿಗೆ ಅಂಟು ಹಚ್ಚಿದೆ. ಸಕಲೇಶಪುರದ ಕಚೇರಿಗೆ ಆ ಕವರು ಒಯ್ದು ಕೊಟ್ಟು ಬಂದವರೂ ಅವರೇ, ಟಪಾಲು ಅವರ ಕೆಲಸವಾಗಿತ್ತಲ್ಲ.

ಏಪ್ರಿಲಿನಲ್ಲಿ ಬೀಗದ ಕೈ ಗೊಂಚಲು ಒಪ್ಪಿಸಲು ಬಂದರು. ಮೇಲಿನಿಂದ ಆದೇಶ ಬಂತು, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. "ಹೌದು ಟೀಚರೇ," ಎಂದರು. "ಲ್ಯಾಬಿನ ಬೀಗ ಮಳೆಗಾಲಕ್ಕೆ ಹಿಡೀತದೆ, ಸ್ವಲ್ಪ ತೆಂಗಿನೆಣ್ಣೆ ಬಿಡಿ." ನಾನು ಒಂದು ನಡತೆ ಪತ್ರ ಬರೆದುಕೊಟ್ಟೆ, ಇವರ ನಡತೆ ಅತ್ಯುತ್ತಮ ಎಂದು. ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ವಾರವೇ ಗಂಡಹೆಂಡಿರು ಘಟ್ಟ ಇಳಿದು ತಾಯಿಮನೆಗೆ ಹೋದರು. ಅಲ್ಲಿ ಮತ್ತೆ ನೀರಿಗಿಳಿದು ಮರುವಾಯಿ ತೆಗೆಯುತ್ತಿದ್ದಾರೆ ಎಂದು ಸುಣ್ಣದ ಲಾರಿಯವರು ಯಾರೋ ಹೇಳಿದರು. ಐವತ್ತು ದಾಟಿದ ಹೆಂಗಸು ಸೊಂಟದುದ್ದ ನೀರಿನಲ್ಲಿ ನಿಲ್ಲುವುದನ್ನು ನಾನು ಆಗಾಗ ಕಲ್ಪಿಸಿಕೊಂಡಿದ್ದೇನೆ, ಬೇಗನೆ ಮರೆತೂ ಇದ್ದೇನೆ.

ಮರೆಯಲು ಕಾರಣವಿತ್ತು. ಮಗಳು ನನ್ನವಳಾದಳು. ಆ ಬೇಸಿಗೆಯಿಂದಲೇ ಮಾನಸ ಸಂಜೆ ಅಡುಗೆಮನೆಗೆ ಬಂದು ಕೂರತೊಡಗಿದಳು. ಮೊದಮೊದಲು ಬಸ್ಸಿನ ಸುದ್ದಿ, ಗೆಳತಿಯರ ಸುದ್ದಿ. ಆಮೇಲೆ ದೊಡ್ಡ ಮಾತುಗಳೂ ಬಂದವು. ವಿಜ್ಞಾನ ಬೇಡ, ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಎಂದು ಮೊದಲು ಹೇಳಿದ್ದು ನನಗೆ. ಹಾಸನದ ಕಾಲೇಜಿಗೆ ಸೇರಿದ ಮೇಲೂ ಶನಿವಾರ ಬಸ್ಸಿಳಿದವಳು ಚೀಲ ಇಟ್ಟು ನೇರ ಒಲೆಯ ಮುಂದೆ ಬರುತ್ತಿದ್ದಳು. "ನೋಡಿದ್ರಾ, ಆ ಯಮ್ಮ ಹೋಗಿದ್ದೇ ಒಳ್ಳೇದಾಯ್ತು" ಎಂದು ನನ್ನ ಗಂಡನಿಗೆ ಎಷ್ಟೋ ಸಲ ಹೇಳಿದ್ದೇನೆ. ಆರು ವರ್ಷ ಹೀಗೆ ಗೆದ್ದವಳ ಹಾಗೆ ಬದುಕಿದೆ.

ಹೋದ ಭಾನುವಾರ ಬೆಳಿಗ್ಗೆ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ಮಾನಸ ತಲೆ ಎತ್ತದೆ ಹೇಳಿದಳು, "ಅಮ್ಮ, ಸುಣ್ಣದಕ್ಕ ಹೋಗ್ಬುಟ್ರು. ಗುರುವಾರ."

"ನಿಂಗ್ಯಾರು ಹೇಳಿದ್ದು?"

"ಅವ್ರ ಗಂಡ ಫೋನ್ ಮಾಡಿದ್ರು. ನಾನು ಮಾತಾಡ್ತಿದ್ದೆ ಅವ್ರತ್ರ, ತಿಂಗ್ಳಿಗೊಂದ್ಸಲ."

ಆರು ವರ್ಷದಲ್ಲಿ ಒಂದು ದಿನವೂ ಇದನ್ನು ಹೇಳಿರಲಿಲ್ಲ. "ಪಾಪ, ಆದೇಶ ಬರದೇ ಇದ್ದಿದ್ರೆ ಇಲ್ಲೇ ಇರ್ತಿದ್ರು" ಎಂದೆ.

"ಅಮ್ಮ," ಎಂದಳು. "ಆಫೀಸ್ ಕಾಪಿ ಫೈಲಿಗೆ ಹಾಕ್ತಿದ್ದಿದ್ದು ಯಾರು?"

ಅಂಟು ಹಚ್ಚುವ ಅವಸರದಲ್ಲಿ ನಾನು ಯೋಚಿಸದೇ ಇದ್ದ ಸಂಗತಿ ಅದು. ಪ್ರತಿ ಕಾಗದದ ಒಂದು ನಕಲು ನಮ್ಮ ಫೈಲಿನಲ್ಲಿ ಉಳಿಯುತ್ತದೆ. ಅದನ್ನು ತೂತು ಹೊಡೆದು ದಾರಕ್ಕೆ ಪೋಣಿಸುವ ಕೆಲಸ ಅಟೆಂಡರದು.

"ಅವತ್ತು ನಾನೂ ಜೊತೇಲಿ ಫೈಲ್ ಜೋಡಿಸ್ತಿದ್ದೆ," ಎಂದಳು ಮಾನಸ. "ಮೊದ್ಲು ನಾನೇ ನೋಡಿದ್ದು, ನಿನ್ ಅಕ್ಷರ. ಅವ್ರಿಗೆ ಓದಿ ಹೇಳ್ದೆ. ಅಲ್ಲೇ ಎದ್ದು ನಿನ್ನತ್ರ ಜಗಳಕ್ಕೆ ಬರ್ತಿದ್ದೆ. ಇನ್ಮೇಲೆ ನಿನ್ನತ್ರ ಮಾತೇ ಆಡಲ್ಲ ಅಂತ ಅವ್ರ ಮುಂದೆ ಹೇಳ್ದೆ ಕೂಡ."

"ಮತ್ತೆ ಯಾಕೆ ಬರ್ಲಿಲ್ಲ?"

"ಅವ್ರು ಬಿಡ್ಲಿಲ್ಲ. ಅಮ್ಮನ ಹತ್ರ ಇದನ್ನ ಕೇಳ್ಬೇಡ, ಕೇಳಿದ್ರೆ ಅವ್ರಿಗೆ ಮತ್ತೆ ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಂದ್ರು. ದಿನಾ ಸಂಜೆ ಅಡುಗೆಮನೇಲಿ ಹೋಗಿ ಕೂತ್ಕೋ, ಎಂತದಾದ್ರೂ ಮಾತಾಡು, ಅವ್ರಿಗೆ ನೀನೊಬ್ಳೇ ಇರುದು ಅಂದ್ರು. ನನ್ ಕೈಲಿ ಮಾತು ತಗಂಡ್ರು."

ಒಲೆಯ ಮೇಲೆ ಏನೋ ಉಕ್ಕುತ್ತಿತ್ತು. ನಾನು ಎದ್ದು ಇಳಿಸಿ ಬಂದು ಕೂತೆ. ಈಗ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮುಂಚೆ ಬಂದದ್ದು ಆ ಹಳೇ ಉರಿಯೇ. ನಾನು ಗೆದ್ದುಕೊಂಡೆ ಎಂದುಕೊಂಡಿದ್ದ ಒಂದೊಂದು ಸಂಜೆಯೂ ಅವರು ಹೇಳಿಕಳಿಸಿದ್ದಾಗಿತ್ತು. ಕೆಲಸ ಕಿತ್ತುಕೊಂಡವಳಿಗೆ ಮಗಳನ್ನು ಕೊಟ್ಟು ಹೋಗಿದ್ದರು, ಸುದ್ದಿ ಕೂಡ ಕೊಡದೆ. ಇಷ್ಟು ಒಳ್ಳೆಯವರಾಗಲು ಅವರಿಗೆ ಯಾರು ಹೇಳಿದ್ದರು?

"ಹಂಗಾದ್ರೆ ಆರು ವರ್ಷ ನೀನು ಅವ್ರ ಮಾತಿಗೆ ಬಂದು ಕೂತಿದ್ದಾ?" ಎಂದು ಕೇಳಿದೆ.

ಮಾನಸ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ.

"ಮೊದ್ಲೊಂದ್ ವರ್ಷ ಹಂಗೇ. ಆಮೇಲೆ ಅಭ್ಯಾಸ ಆಯ್ತು."

ಇನ್ನೊಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದಳು. ಮಾತು ತೆಗೆದುಕೊಂಡವರು ಗುರುವಾರವೇ ಹೋಗಿದ್ದರು, ಇನ್ನು ಅವಳನ್ನು ಇಲ್ಲಿ ಕೂರಿಸುವವರು ಯಾರೂ ಇರಲಿಲ್ಲ. ಬುಟ್ಟಿಯಲ್ಲಿ ಕಾಲುಭಾಗ ಕಾಯಿ ಉಳಿದಿತ್ತು. ಅದು ಮುಗಿದ ಮೇಲೆ ಎದ್ದು ಹೋಗುತ್ತೀಯಾ ಎಂದು ಕೇಳಬೇಕೆಂದು ಬಾಯಿಗೆ ಬಂತು. ಕೇಳಿದರೆ ಅವಳು ನಿಜವನ್ನೇ ಹೇಳುತ್ತಾಳೆ ಎಂಬ ಹೆದರಿಕೆಗೆ ಕೇಳಲಿಲ್ಲ.